ಹಸಿ ಹತ್ತು, ಒಣ ಒಂದು

ಹೊನಿಯಾರದಿಂದ ಸೆಲ್ವಿನ್ ಬಂದಿದ್ದಾನೆ,
ದೋಣಿಯಿಂದ ಇಳಿದವನ ಪ್ಯಾಂಟು ಮೊಣಕಾಲವರೆಗೆ ಒದ್ದೆ,
ಕಂಕುಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಸರಕಾರಿ ನಮೂನೆ.
ಮನೇಯಬದ ಚಾಪೆಯ ಮೇಲೆ ಕೂತು ಕೇಳುತ್ತಾನೆ:
ಈ ಕಸುಬು ಎಷ್ಟು ಕಾಲ ಬಾಳೀತು?
ಉತ್ತರಕ್ಕೆ ಬಿಟ್ಟ ಜಾಗ ಒಂದೂವರೆ ಗೆರೆ.

ಬರೆದುಕೋ ತಮ್ಮಾ.
ನಾನು ನೇಯ್ ಕಾಬುರೀ, ತಕ್ಕಡಿ ಹಿಡಿಯುವವಳು.
ಹತ್ತು ಕಿಲೋ ಹಸಿ ಕಡಲಪಾಚಿ
ಒಣಗಿ ನಿಂತರೆ ಒಂದು ಕಿಲೋ.
ಉಳಿದ ಒಂಬತ್ತು ಎಲ್ಲಿ ಹೋಯಿತೆಂದು
ಮೊದಮೊದಲು ಊರ ಹೆಂಗಸರು ನನ್ನನ್ನೇ ದಿಟ್ಟಿಸುತ್ತಿದ್ದರು.
ಸೂರ್ಯನತ್ತ ಕೈ ತೋರಿಸುತ್ತಿದ್ದೆ:
ಅವನನ್ನು ಕೇಳಿ, ದೊಡ್ಡ ಪಾಲುದಾರ ಅವನೇ.

ಅಜ್ಜಿ ಈ ದ್ವೀಪಕ್ಕೆ ಬಂದದ್ದು ಹಡಗಿನಲ್ಲಿ,
ಬಾವಿಗಳೆಲ್ಲ ಉಪ್ಪಾದ ನೆಲವನ್ನು ಬೆನ್ನಿಗೆ ಬಿಟ್ಟು,
ಬಾಬೈ ಗೆಡ್ಡೆಯೊಂದನ್ನು ಒದ್ದೆ ಚಾಪೆಯಲ್ಲಿ ಸುತ್ತಿಕೊಂಡು.
ದಾರಿಯುದ್ದ ಹೊಟ್ಟೆ ಕೂಗಿದರೂ
ಮುರಿಯಲಿಲ್ಲವಂತೆ. ಬಿತ್ತನೆಯದು.
ಅಷ್ಟು ಮಾತು ನಿನ್ನ ಗೆರೆಯಲ್ಲಿ ಹಿಡಿಸೀತೇ ನೋಡು.

ನಮ್ಮದೂ ಹಾಗೆಯೇ.
ಆರು ವಾರಕ್ಕೊಮ್ಮೆ ಕೊಯ್ಲು,
ಕೊಬ್ಬಿದ ತುದಿಗಳನ್ನು ಮೊದಲು ಬಿತ್ತನೆಗೆ ಎತ್ತಿಟ್ಟು
ಆಮೇಲೆ ಚೀಲದ ಮಾತು.
ಸೊಂಟದುದ್ದ ನೀರು, ಗಂಟಿನ ಮೇಲೆ ಗಂಟು,
ಬೆರಳ ಸಂದಿ ಸತ್ತ ಹವಳದ ಬಿಳುಪು.
ಮುಳ್ಳುಬೆನ್ನಿನ ಮೀನು ಬಂದು ಚಿಗುರು ಮೇಯುತ್ತದೆ,
ನಾವು ಅದನ್ನು ಸುಟ್ಟು ಮೇಯುತ್ತೇವೆ,
ಲೆಕ್ಕ ಚುಕ್ತಾ.
ಕಡಲು ಮೀನಿನ ಸಾರಿನಂತೆ ಬಿಸಿಯಾಗುವ ತಿಂಗಳು
ಕೊಂಬೆಗಳು ಬೆಳ್ಳಗಾಗಿ ಮುಟ್ಟಿದಲ್ಲಿ ಮುರಿಯುತ್ತವೆ.
ಆಗ ಹಗ್ಗವನ್ನು ಆಳಕ್ಕೆ ಇಳಿಸಬೇಕು,
ಬಾಯಿ ಮುಚ್ಚಿಕೊಂಡು ಕಾಯಬೇಕು.

ಗೂಟಕ್ಕೆಂದು ಕಾಂಡ್ಲಾ ಕಡಿದೆವು ಮೂರು ವರ್ಷ.
ನಾಲ್ಕನೆಯ ವರ್ಷ ಏಡಿ ಬರಲಿಲ್ಲ.
ಸಭೆ ಸೇರಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ,
ಐದನೆಯ ವರ್ಷ ಕೊಡಲಿ ಎತ್ತಲಿಲ್ಲ, ಅಷ್ಟೆ.
ಈಗ ಹಗ್ಗ ತೇಲುವುದು ಖಾಲಿ ಬಾಟಲಿಗಳ ಮೇಲೆ;
ಬಿರುಗಾಳಿಯ ಮರುದಿನ ಹೆಕ್ಕಿ ತಂದ ಮಕ್ಕಳಿಗೆ
ಬಾಟಲಿಗೊಂದು ಬಿಸ್ಕತ್ತು.

ನಮ್ಮ ಪಾಚಿ ಯಾವುದೋ ಊರಿನ ಐಸ್‌ಕ್ರೀಮಿನಲ್ಲಿ
ಬೇಗ ಕರಗದಂತೆ ಹಿಡಿದು ನಿಲ್ಲುತ್ತದಂತಲ್ಲ?
ಇಲ್ಲಿ ಐಸೇ ಇಲ್ಲ, ನೋಡೋಣವೆಂದರೆ.

ಇನ್ನೊಂದಿದೆ. ಅದನ್ನು ಬರೆಯಬೇಡ.
ಬರೆ. ಪರವಾಗಿಲ್ಲ, ಬರೆ.
ಹೋದ ವರ್ಷ ಬೆಲೆ ಅರ್ಧಕ್ಕೆ ಬಿದ್ದಾಗ
ಬೌರೊ, ನನ್ನ ಒಡಹುಟ್ಟಿದವನು,
ಚೀಲದ ಹೊಟ್ಟೆಗೆ ಮರಳು ತುಂಬಿದ.
ತಕ್ಕಡಿಗೇನು ಗೊತ್ತು ಮರಳಿನ ಕುಲ?
ನನ್ನ ಕೈಗೆ ಗೊತ್ತಾಯಿತು.
ಅವನ ಮಗಳ ಶಾಲೆಯ ಫೀಸು ನೆನಪಾಯಿತು.
ಅಂಕಿ ಬರೆದು ಪುಟ ತಿರುವಿದೆ.

ದೂರದ ಬಂದರಿನಲ್ಲಿ ಆ ಚೀಲವನ್ನೇ ಸೀಳಿದರು.
ಒಂದರ ಮರಳು ನೂರಾನಲವತ್ತರ ಮೇಲೂ ಸುರಿಯಿತು.
ಐದು ತಿಂಗಳು ಕೊಳ್ಳುವವರ ದೋಣಿ ಇತ್ತ ಮುಖ ಹಾಕಲಿಲ್ಲ.
ಈ ಚಾಪೆಯ ಮೇಲೆಯೇ ಎದ್ದು ನಿಂತು ಹೇಳಿದೆ,
ಮರಳು ಅವನದು, ಅಂಕಿ ನನ್ನದು ಎಂದು.
ಹಿರಿಯರು ತೆಂಗಿನ ನಾರು ಹೊಸೆಯುತ್ತ
ಹೊತ್ತು ಮುಳುಗುವವರೆಗೆ ಸುಮ್ಮನಿದ್ದರು.
ಕಡೆಗೆ ಮುದುಕ ತೆರೆಂಗಾ ಅಂದ:
ತಕ್ಕಡಿ ಅವಳ ಬಳಿಯೇ ಇರಲಿ.
ಮರಳಿನ ತೂಕ ಈಗ ಅವಳಿಗೆ ಗೊತ್ತು.

ಅಂದಿನಿಂದ ಪ್ರತಿ ಚೀಲವನ್ನೂ ಚಾಪೆಗೆ ಸುರುವಿ,
ಎಲ್ಲರ ಕಣ್ಣೆದುರು ಕೊಡವಿ, ಮತ್ತೆ ತುಂಬುತ್ತೇವೆ.
ಅರ್ಧ ದಿನದ ಕೂಲಿ ಅದಕ್ಕೇ ಹೋಗುತ್ತದೆ.
ಬೌರೊ ನನ್ನೊಡನೆ ಇನ್ನೂ ಮಾತಾಡಿಲ್ಲ.
ಅವನ ಪಾಚಿ ಮಾತ್ರ ಈಗ ಊರಿಗೇ ಒಣ,
ಹಿಡಿದು ಅಲುಗಿಸಿದರೆ ಸಣ್ಣಗೆ ಸದ್ದು ಮಾಡುತ್ತದೆ.

ಎಷ್ಟು ಕಾಲ ಬಾಳೀತು ಅಂದೆಯಲ್ಲ,
ಗೆರೆ ಮುಗಿಯಿತೇ? ಹಾಳೆಯ ಬೆನ್ನಿಗೆ ಬರೆ.
ಇಲ್ಲವೇ ಏಳು. ನೀರು ಇಳಿಯುತ್ತಿದೆ,
ಹಗ್ಗದ ಆ ತುದಿ ಹಿಡಿಯಲು ಒಂದು ಕೈ ಕಡಿಮೆ.
ಪ್ಯಾಂಟು ಹೇಗೂ ಒದ್ದೆಯಾಗಿದೆ.